ಬೆರಳು ಆಡದ ಒಂದು ನಮಾಜು

ಇಳಕಲ್ಲು

ನಾನು ಹಜ್ಜಿಗೆ ಹೊರಟದ್ದಕ್ಕೆ ನನ್ನ ಬೆರಳುಗಳೂ ಒಂದು ಕಾರಣ.

ನಮ್ಮದು ಇಳಕಲ್ಲಿನಲ್ಲಿ ನೇಯುವ ಮನೆತನ. ಸೀರೆಯ ಒಡಲಿಗೆ ಉದ್ದ ಎಳೆಗಳ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು, ಕೂಡಿಸಿದ್ದು ಮಾತ್ರ ಕಾಣಬಾರದು. ಮೀಸೆ ಬರುವ ಮೊದಲಿನಿಂದ ನಾನು ಈ ಕೆಲಸದಲ್ಲಿದ್ದೇನೆ. ಹೀಗಾಗಿ ನಮಾಜಿಗೆ ನಿಂತು ಕೈ ಕಟ್ಟಿದರೆ ಬಾಯಿ ದೇವರ ಮಾತು ಹೇಳುತ್ತದೆ, ಬಲಗೈಯ ಬೆರಳು ಎಡಗೈಯ ಮಣಿಕಟ್ಟಿನ ಮೇಲೆ ಕೊಂಡಿ ಹಾಕುತ್ತಿರುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ. ಹೇಳಿದವಳು ನನ್ನ ಹೆಂಡತಿ ಹುಸೇನಬಿ, ಎಳೆ ಕೂಡಿಸುವುದರಲ್ಲಿ ನನ್ನನ್ನೂ ಮೀರಿಸಿದವಳು.

"ಇವತ್ತ ಮಧ್ಯಾಹ್ನದ ನಮಾಜಿನ್ಯಾಗ ನಲವತ್ತ ಎಳಿ ಕೂಡ್ಸಿದ್ರಿ ನೀವು," ಅಂದಳು ಒಂದು ದಿನ. "ನಾ ಹಿಂದ ಓರಿಗೆ ನಿಂತ ಎಣಿಸೀನಿ."

ಹಿಂದೆ ನಿಂತು ನನ್ನ ಬೆರಳು ಎಣಿಸುತ್ತಿದ್ದವಳ ನಮಾಜು ಎಲ್ಲಿಗೆ ಹೋಗಿತ್ತು ಎಂದು ನಾನು ಕೇಳಬಹುದಾಗಿತ್ತು. ಕೇಳಲಿಲ್ಲ. ಕೇಳಿದ್ದರೆ ಅಂದಿನ ಊಟ ತಣ್ಣಗಾಗುತ್ತಿತ್ತು.

ಆ ದಿನದಿಂದ ಬೆರಳನ್ನು ಕಾಯುವುದೇ ಒಂದು ಕೆಲಸವಾಯಿತು. ಬೆರಳು ಕಾಯುತ್ತ ನಿಂತರೆ ದೇವರು ಮರೆತುಹೋಗುತ್ತಾನೆ, ದೇವರನ್ನು ನೆನೆದರೆ ಬೆರಳು ತನ್ನ ಕೆಲಸಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲಿ ಮಗ್ಗ ಇರುವ ಕೋಣೆಯಲ್ಲೇ ನಮಾಜು. ಮಗ್ಗ ಎದುರಿಗಿದ್ದರೆ ಮನಸ್ಸು ಮತ್ತೆಲ್ಲಿ ಹೋದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಗ್ಗವಿಲ್ಲದ ಕಡೆ, ಅದೂ ಮಕ್ಕಾದಲ್ಲಿ ಕಾಬಾದ ಎದುರಿಗೇ ಹೋಗಿ ನಿಂತರೆ ಈ ರೋಗ ತಾನಾಗಿ ಬಿಟ್ಟುಹೋದೀತು ಎಂಬ ನಂಬಿಕೆ ಬಲಿಯಿತು.

ಇಬ್ಬರೂ ಹೋಗಬೇಕೆಂದೇ ಇತ್ತು. ಆದರೆ ಆ ವರ್ಷ ಹುಸೇನಬಿಯ ತಾಯಿಗೆ ಲಕ್ವಾ ಹೊಡೆದು, ಮುದುಕಿಯನ್ನು ನಮ್ಮ ಮನೆಗೇ ತಂದು ಮಗ್ಗದ ಪಕ್ಕ ಹೊರಸಿನ ಮೇಲೆ ಮಲಗಿಸಿದೆವು. ತುತ್ತು ಉಣಿಸುವುದರಿಂದ ಹಿಡಿದು ಮಗ್ಗಲು ಹೊರಳಿಸುವವರೆಗೆ ಎಲ್ಲ ಮಗಳೇ ಮಾಡಬೇಕು. "ನೀವು ಹೋಗಿ ಬರ್ರಿ," ಅಂದಳು. ಹೊರಡುವ ದಿನ ಗಂಟು ಕಟ್ಟುತ್ತ ಒಂದು ಮಾತು ಹೇಳಿದಳು.

"ಅಲ್ಲಿ ಹೋಗಿ ಒಂದ, ಒಂದ ನಮಾಜ್ ಬೆರಳ ಆಡಸದ ಮಾಡ್ರಿ. ಅದರಾಗ ನನ್ನ ಹೆಸರ ಹಿಡೀರಿ."

"ನಿಮ್ಮವ್ವಗ ಆರಾಮ ಆಗ್ಲಿ ಅಂತ ಕೇಳ್ಲೇನು?"

"ಅಕಿ ಮುದುಕಿ ಆಗ್ಯಾಳ, ಅಕಿದು ದೇವರಿಗೆ ಗೊತ್ತೈತಿ. ನನಗ ಬ್ಯಾಸರ ಬರದಿರ್ಲಿ ಅಂತ ಕೇಳ್ರಿ."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ. ನನಗೆ ಅಂಜಿಕೆಯಾಯಿತು.

ಹುನಗುಂದ, ಅಮೀನಗಡ

ಹುನಗುಂದದಲ್ಲಿ ಚಕ್ಕಡಿ ನಿಲ್ಲಿಸಿ, ನನಗೆ ಅಕ್ಷರ ಕಲಿಸಿದ ಮಾಸ್ತರರ ಕಾಲು ಮುಟ್ಟಿ ಬಂದೆ. ಅವರಿಗೆ ಕಣ್ಣು ಮಂದವಾಗಿತ್ತು, ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು. "ಬಂದ ಮ್ಯಾಲ ಬರದ ಕೊಡು," ಅಂದರು. "ಹಡಗ ಎಷ್ಟ ಉದ್ದ ಇತ್ತು, ಸಮುದ್ರ ಎಷ್ಟ ಆಳ ಇತ್ತು ಅಂತ ಬರೀಬ್ಯಾಡ. ಅದು ಪುಸ್ತಕದಾಗ ಸಿಗತೈತಿ. ನೀ ಎಲ್ಲೆಲ್ಲಿ ತಪ್ಪಿದಿ ಅಷ್ಟ ಬರಿ." ಈ ಬರಹ ಅವರ ಅಪ್ಪಣೆಯಂತೆ. ಓದಿ ಯಾರಿಗಾದರೂ ನಗೆ ಬಂದರೆ ಮಾಸ್ತರರ ಪಾಲಿಗೆ ಸೇರಿಸಬೇಕು.

ಅಮೀನಗಡದಲ್ಲಿ ನನ್ನ ಜೊತೆಗಾರ ರಾಜೇಸಾಬ ಕಾಕಾ ದಾರಿಗೆ ಬಂದು ನಿಂತಿದ್ದರು. ಅವರು ದನದ ದಲಾಲಿ ಮಾಡುವವರು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ತೂಕದಲ್ಲಿ ನನ್ನ ಎರಡರಷ್ಟು. ಯಾರನ್ನು ಕಂಡರೂ ಮೊದಲು ಹಲ್ಲು ನೋಡುತ್ತಾರೆ, ಆಮೇಲೆ ಊರು ಕೇಳುತ್ತಾರೆ. ಬಗಲಲ್ಲಿ ಅವರ ತಂಗಿ ಮಾಡಿಕೊಟ್ಟ ಕರದಂಟಿನ ಡಬ್ಬಿ. ಅದು ಮಕ್ಕಾದವರೆಗೆ ಬರಬೇಕೆಂದು ತಂಗಿಯ ಆಸೆ. ಬಾಗಲಕೋಟೆ ಬರುವಷ್ಟರಲ್ಲಿ ಅರ್ಧ ಡಬ್ಬಿ ಖಾಲಿಯಾಗಿತ್ತು.

ಕಾಕಾ ದಾರಿಯುದ್ದಕ್ಕೂ ಮಾತಾಡಿದರು. ನಾನು ಮಾತಾಡುವುದಿಲ್ಲವೆಂದು ನಿರ್ಧಾರ ಮಾಡಿ ಹೊರಟವನು. ಮಾತು ಬೆಳೆದರೆ ಮನಸ್ಸು ಚದುರುತ್ತದೆ, ಅದಕ್ಕೆ ಯಾರನ್ನೂ ಏನೂ ಕೇಳಬಾರದು, ತಸ್ಬಿ ಮಣಿ ಎಣಿಸುತ್ತ ಸುಮ್ಮನೆ ಕೂಡಬೇಕು ಎಂದುಕೊಂಡಿದ್ದೆ. ಈ ನಿರ್ಧಾರದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಬಾಗಲಕೋಟೆ, ಮತ್ತು ಬೇಡದ ಬಾದಾಮಿ

ಬಾಗಲಕೋಟೆ ಸ್ಟೇಷನ್ನಿನಲ್ಲಿ ಎರಡು ಗಾಡಿಗಳು ಎದುರುಬದುರಾಗಿ ನಿಂತಿದ್ದವು. ಕಾಕಾ ಯಾರನ್ನೋ ಕೇಳಿ ಬರುತ್ತೇನೆಂದು ಹೊರಟರು. ನಾನು ತಸ್ಬಿಯಿಂದ ಕಣ್ಣೆತ್ತದೆ "ಇದ ಗಾಡಿ, ಹತ್ರಿ," ಅಂದೆ. ಅಷ್ಟು ಗಟ್ಟಿಯಾಗಿ ಹೇಳಿದವನನ್ನು ನಂಬದೆ ಇರುವುದು ಹೇಗೆ? ಹತ್ತಿದರು.

ಬಿಜಾಪುರದ ಕಡೆ ಹೋಗಬೇಕಾದ ನಮ್ಮನ್ನು ಆ ಗಾಡಿ ತಂದು ಇಳಿಸಿದ್ದು ಬಾದಾಮಿಯಲ್ಲಿ. ದೇಶ ಬಿಟ್ಟು ಹೊರಟವರು ಮನೆಗೆ ಇನ್ನಷ್ಟು ಹತ್ತಿರವಾಗಿದ್ದೆವು. ತಿರುಗಿ ಹೋಗುವ ಗಾಡಿ ಹೊತ್ತು ಇಳಿದ ಮೇಲೆಯೇ. ಕಾಕಾ ನನ್ನನ್ನು ಬೈಯಲಿಲ್ಲ. ಗಂಟಿನ ಮೇಲೆ ಕೂತು, "ಮೌಲಾ, ಬಾಯಿ ಐತಲ್ಲೋ ನಿನಗ. ಒಂದ ಮಾತ ಕೇಳಿದ್ರ ಸವೀತೈತೇನು ಅದು?" ಅಂದರು, ಅಷ್ಟೆ.

ಸ್ಟೇಷನ್ನಿನ ಹೊರಗೆ ಬೇವಿನ ಗಿಡದ ಕೆಳಗೆ ಒಬ್ಬ ಕುರುಬ ಕುರಿ ತರುಬಿಕೊಂಡು ಕೂತಿದ್ದ. ಕೊರಳಲ್ಲಿ ಬೀರಪ್ಪನ ಭಂಡಾರದ ಚೀಲ, ಹಣೆ ತುಂಬ ಅರಿಶಿನ. ಕಾಕಾ ಅವನ ಹಲ್ಲನ್ನೂ ಕುರಿಗಳ ಹಲ್ಲನ್ನೂ ನೋಡಿ ಗೆಳೆತನ ಮಾಡಿದರು. ಅವನು ನಮಗೆ ಮಜ್ಜಿಗೆ ಕೊಟ್ಟ. ನನ್ನ ರೋಗ ತಲೆಯಲ್ಲಿ ಕೊರೆಯುತ್ತಿತ್ತಲ್ಲ, ನಾನೂ ಒಂದು ಮಾತು ಕೇಳಿಬಿಟ್ಟೆ. "ಬೀರಪ್ಪಗ ಕೈ ಮುಗಿಯುವಾಗ ನಿನಗ ಕುರಿ ನೆನಪಾಗತಾವೇನಪಾ?"

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಕುರಿ ನೆನಪಾಗದ ಮತ್ತ್ಯಾರ ಆಗ್ತಾರ್ರೀ ಸಾಹೇಬ್ರ? ಕುರಿ ಸಲುವಾಗಿನ ಅಲ್ಲೇನ್ರಿ ಕೈ ಮುಗಿಯೂದು?"

ಪಾಪ, ಕಾಡಿನಲ್ಲಿ ತಿರುಗುವವನು, ಇದರ ಸೂಕ್ಷ್ಮ ಇವನಿಗೇನು ತಿಳಿದೀತು ಎಂದುಕೊಂಡು ಮಜ್ಜಿಗೆ ಕುಡಿದೆ. ಮಜ್ಜಿಗೆ ಚೆನ್ನಾಗಿತ್ತು.

ಹಡಗು

ಮುಂಬಯಿಯ ಬಗ್ಗೆ ಬರೆಯುವುದಿಲ್ಲ. ಅಲ್ಲಿ ಹಡಗು ಕಾಯುತ್ತ ಕೂತ ದಿನಗಳಲ್ಲಿ ನಾನು ನೋಡಿದ್ದು ಮುಸಾಫಿರಖಾನೆಯ ಗೋಡೆಯನ್ನು ಮಾತ್ರ.

ಹಡಗೆಂದರೆ ದೊಡ್ಡ ಮನೆಯೆಂದು ತಿಳಿದಿದ್ದೆ. ನಮಗೆ ಸಿಕ್ಕಿದ್ದು ಮೇಲಿನ ಅಟ್ಟದಲ್ಲಿ ಒಂದು ಚಾಪೆ ಹಾಸುವಷ್ಟು ಜಾಗ. ಬಲಕ್ಕೆ ಒಬ್ಬರು ಈರುಳ್ಳಿ ಹುರಿಯುತ್ತಾರೆ, ಎಡಕ್ಕೆ ಒಬ್ಬರು ವಾಂತಿ ಮಾಡುತ್ತಾರೆ, ನಡುವೆ ನಾವು. ಗುಜರಾತಿನ ಒಂದು ಸಂಸಾರ ತಮ್ಮ ಚಾಪೆಯ ಸುತ್ತ ಸುಣ್ಣದ ಗೆರೆ ಎಳೆದು ಅದನ್ನು ದಾಟಿದವರ ಜೊತೆ ದಿನವೂ ಜಗಳವಾಡುತ್ತಿತ್ತು. ನಮ್ಮ ಕಡೆ ಹೊಲದ ಬದುವಿಗೆ ನಡೆಯುವ ಜಗಳ ಅಲ್ಲಿ ನೀರಿನ ಮೇಲೆಯೂ ನಡೆಯಿತು.

ನಮಾಜಿಗೆ ಮಾತ್ರ ಒಂದು ಶಿಸ್ತಿತ್ತು. ಹಡಗಿನಲ್ಲಿದ್ದ ಒಬ್ಬ ಮುದಿ ಮೌಲ್ವಿ ಪ್ರತಿ ಸಲವೂ ಖಲಾಸಿಗಳನ್ನು ಕೇಳಿ, ಮಕ್ಕಾ ಯಾವ ದಿಕ್ಕಿಗೆ ಎಂದು ಗೊತ್ತುಮಾಡಿಕೊಂಡು ಮುಂದೆ ನಿಲ್ಲುತ್ತಿದ್ದರು. ನಾವೆಲ್ಲ ಅವರ ಬೆನ್ನು ನೋಡಿ ನಿಲ್ಲುತ್ತಿದ್ದೆವು. ಅವರು ಅಷ್ಟೊಂದು ಕೇಳುವುದು ಏಕೆಂದು ನನಗೆ ಅನ್ನಿಸುತ್ತಿತ್ತು. ನಮ್ಮೂರ ಮಸೀದಿಯಲ್ಲಿ ಅಪ್ಪ ನಿಂತ ಕಡೆಗೇ ನಾನು ನಿಂತವನು. ಹೊತ್ತು ಮುಳುಗುವ ದಿಕ್ಕು, ಅದಕ್ಕೆ ಕೇಳುವುದೇನಿದೆ?

ಮಗ್ಗ ಬಿಟ್ಟು ಇಷ್ಟು ದೂರ ಬಂದರೂ ಬೆರಳು ಸುಮ್ಮನಾಗಲಿಲ್ಲ. ಅಲೆ ಏರಿ ಇಳಿಯುವುದಕ್ಕೆ ಸರಿಯಾಗಿ ಕಾಲು ತಾನಾಗಿ ಮಗ್ಗದ ಮೆಟ್ಟು ತುಳಿಯಿತು. ಪಕ್ಕದಲ್ಲಿ ನಿಂತಿದ್ದ ಕಾಕಾ ನೋಡಿಬಿಟ್ಟರು. ಅವರಿಗೆ ಎಲ್ಲ ಹೇಳಿದೆ, ಹುಸೇನಬಿ ಕೇಳಿದ್ದನ್ನೂ ಹೇಳಿದೆ. ಹೇಳಬಾರದಾಗಿತ್ತು ಎಂದು ಆಮೇಲೆ ಅನ್ನಿಸಿತು. ಕಾಕಾ ನಗಲಿಲ್ಲ.

"ನನಗೂ ನಮಾಜಿನ್ಯಾಗ ಎತ್ತ ಬರ್ತಾವ," ಅಂದರು. "ಹಾದ ಹೋಗ್ತಾವ. ನಾ ಬಾಲ ಹಿಡ್ಯಾಕ ಹೋಗೂದಿಲ್ಲ."

ಕಮರಾನ್

ಕೆಂಪು ಸಮುದ್ರದ ಬಾಯಲ್ಲಿ ಕಮರಾನ್ ಎಂಬ ನಡುಗಡ್ಡೆಯಿದೆ. ಹಾಜಿಗಳು ರೋಗ ತರುತ್ತಾರೆಂದು ಅಲ್ಲಿ ಇಳಿಸಿ, ಸ್ನಾನ ಮಾಡಿಸಿ, ಬಟ್ಟೆಯನ್ನೆಲ್ಲ ಉಗಿಯ ಕೋಣೆಯೊಳಗೆ ಹಾಕಿ ಬೇಯಿಸುತ್ತಾರೆ. ನಮ್ಮ ಮನೆಯ ಬಣ್ಣ ಬಿಡುವುದಿಲ್ಲವೆಂದು ನಾನು ಮುಂಬಯಿಯಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೆ. ಯಾರನ್ನೂ ಮಾತಾಡಿಸುವುದಿಲ್ಲ ಎಂದವನು ಬಣ್ಣದ ವಿಷಯ ಬಂದಾಗ ಮಾತ್ರ ಸುಮ್ಮನಿರುತ್ತಿರಲಿಲ್ಲ. ಉಗಿಯಿಂದ ಹೊರಬಂದಾಗ ನನ್ನ ಕೆಂಪು ರುಮಾಲು ತನ್ನ ಬಣ್ಣವನ್ನು ಹದಿನಾರು ಜನರ ಬಿಳಿ ಬಟ್ಟೆಗೆ ಹಂಚಿತ್ತು. ಕಾಕಾನ ಪಾಯಿಜಾಮವಂತೂ ಮದುಮಗನದಾಗಿತ್ತು. ಹದಿನಾರು ಜನರೂ ನನ್ನನ್ನು ನೋಡಿದರು. ನಾನು ತಸ್ಬಿ ಎಣಿಸಿದೆ.

ಆ ನಡುಗಡ್ಡೆಯಲ್ಲಿ ಮೌಲ್ವಿಯವರು ಉತ್ತರಕ್ಕೆ ಮುಖ ಮಾಡಿ ನಿಂತರು. ಗಾಳಿಗೆ ಮರಳು ಕಣ್ಣಿಗೆ ಬೀಳುತ್ತದೆಂದು ಮುದುಕರು ತುಸು ತಿರುಗಿದ್ದಾರೆ ಎಂದುಕೊಂಡೆ. ಕೇಳಲಿಲ್ಲ.

ಜಿದ್ದಾ

ಹಡಗಿನಲ್ಲಿದ್ದಾಗಲೇ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಸುತ್ತಿಕೊಂಡು ಹಾಜಿಯ ವೇಷ ತೊಟ್ಟಿದ್ದೆವು. ಬಟ್ಟೆ ನಾನೇ ನೇಯ್ದದ್ದು. ಜಿದ್ದಾದ ದಂಡೆಯ ಬಳಿ ನೀರಿನೊಳಗೆ ಬಂಡೆಗಳಿರುವುದರಿಂದ ಹಡಗು ದೂರವೇ ನಿಲ್ಲುತ್ತದೆ. ಅಲ್ಲಿಂದ ಹಾಯಿದೋಣಿ. ಹಗ್ಗದ ನಿಚ್ಚಣಿಕೆಯಿಂದ ನಾನು ಇಳಿದೆ, ಕಾಕಾ ಇಳಿದರು, ಮೇಲಿನಿಂದ ನನ್ನ ಗಂಟು ಇಳಿಯಿತು. ದೋಣಿಗೂ ಹಡಗಿಗೂ ನಡುವೆ ಇದ್ದ ಒಂದು ಮೊಳ ನೀರಿಗೆ ಸರಿಯಾಗಿ ಇಳಿಯಿತು.

ಅದರಲ್ಲಿ ನನ್ನ ಬಟ್ಟೆ, ಬುತ್ತಿ, ಅಪ್ಪನ ತಸ್ಬಿ, ಹುಸೇನಬಿ ಹಳೆಯ ಸೀರೆ ಮಡಿಸಿ ಹೊಲಿದುಕೊಟ್ಟ, ನಮಾಜಿಗೆ ಹಾಸುವ ಜಾನಿಮಾಜು, ಎಲ್ಲ ಇತ್ತು. ನೀರು ಬಹಳ ತಿಳಿಯಾಗಿತ್ತು. ಗಂಟು ಮುಳುಗುವುದು ತುಂಬ ಹೊತ್ತು ಕಾಣಿಸಿತು. ದೋಣಿಯವನು ನೋಡಿ, ಕೈ ಮೇಲಕ್ಕೆ ತೋರಿಸಿ, ಹುಟ್ಟು ಹಾಕತೊಡಗಿದ.

ಹಾಜಿಗಳನ್ನು ಇಳಿಸಿಕೊಂಡು ನೋಡಿಕೊಳ್ಳುವವರಿಗೆ ಅಲ್ಲಿ ವಕೀಲರು ಎನ್ನುತ್ತಾರೆ. ಅಂಥ ಒಬ್ಬ ಹಿಂದೂಸ್ತಾನಿಯವರ ಮನೆಯಲ್ಲಿ ನಮಗೆ ಮಾಳಿಗೆಯ ಮೇಲೆ ಜಾಗವಾಯಿತು. ಅಲ್ಲಿಯ ಮನೆಗಳು ಎತ್ತರ, ಕಿಟಕಿಗಳಿಗೆ ಕಟ್ಟಿಗೆಯ ಜಾಲರಿ, ಬೀದಿ ಮಾತ್ರ ನಮ್ಮ ಇಳಕಲ್ಲಿನ ಓಣಿಯಷ್ಟೇ ಅಗಲ. ಕಾಕಾ ಕುಡಿಯುವ ನೀರು ಕೇಳಿಕೊಂಡು ಕೆಳಗೆ ಹೋದರು. ಮಾಳಿಗೆಯ ಮೇಲೆ ನಾನೊಬ್ಬನೇ ಉಳಿದೆ.

ಅಳು ಬಂತು. ಗಂಟು ಹೋದದ್ದಕ್ಕಲ್ಲ ಎಂದು ಹೇಳಿದರೆ ಸುಳ್ಳಾದೀತು. ಅದಕ್ಕೇ ಬಂತು. ಆಮೇಲೆ ಅದೂ ನಿಂತಿತು. ನೋಡಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ, ಎಣಿಸುವುದಕ್ಕೆ ಮಣಿಯೂ ಇರಲಿಲ್ಲ. ಎದುರಿಗೆ ಸಮುದ್ರದಲ್ಲಿ ಹೊತ್ತು ಮುಳುಗಿತು. ಸಂಜೆಯ ನಮಾಜಿನ ಹೊತ್ತು. ಇಳಕಲ್ಲಿನಲ್ಲಿ ದಿನವೂ ಮಾಡಿದ ಹಾಗೆ ಹೊತ್ತು ಮುಳುಗಿದ ಕಡೆಗೆ ಮುಖ ಮಾಡಿ ಬರಿಯ ಗಚ್ಚಿನ ಮೇಲೆ ನಿಂತು ಕೈ ಕಟ್ಟಿದೆ.

ಏನಾಯಿತೆಂದು ಬರೆಯುವುದು ಕಷ್ಟ. ಏನೂ ಆಗಲಿಲ್ಲ, ಅದೇ ಆದದ್ದು. ಹೇಳಿದ ಮಾತಿನಲ್ಲೇ ನಾನಿದ್ದೆ. ಹಾಸಿಲ್ಲ, ಹೊಕ್ಕಿಲ್ಲ, ಲಾಳಿಯ ಸದ್ದಿಲ್ಲ. ಪಕ್ಕದ ಮಾಳಿಗೆಯಲ್ಲಿ ಒಬ್ಬ ಹೆಂಗಸು ಒಣಗಿದ ಬಟ್ಟೆ ತೆಗೆಯುತ್ತ ಏನೋ ಕೂಗಿದಳು. ಮತ್ತೆ ಕೂಗಿದಳು, ಚಪ್ಪಾಳೆಯನ್ನೂ ತಟ್ಟಿದಳು. ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಸೈತಾನ ಹೆಂಗಸಿನ ದನಿಯಲ್ಲಿ ಬಂದಿದ್ದಾನೆ, ಬರಲಿ ಎಂದುಕೊಳ್ಳುವಷ್ಟೂ ಮನಸ್ಸು ಅತ್ತ ತಿರುಗಲಿಲ್ಲ. ಮುಗಿಸಿ ಕೈಯೆತ್ತಿ ಹುಸೇನಬಿಯ ಹೆಸರು ಹಿಡಿದೆ. ಅವಳಿಗೆ ಬೇಸರ ಬರದಿರಲಿ ಎಂದು ಕೇಳಿದೆ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಸಂತೋಷವಾಗಿತ್ತು.

ಕಾಕಾ ನೀರಿನ ಮಗೆ ಹಿಡಿದು ಮೆಟ್ಟಿಲ ಬಾಯಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ನಿನ್ನ ಬೆರಳ ನೋಡ್ದೆ, ಮೌಲಾ," ಅಂದರು. "ಅಳ್ಳಾಡ್ಲಿಲ್ಲ."

"ಖರೇನ ಕಾಕಾ?"

"ಖರೆ. ಕಲ್ಲಿನಂಗ ಇದ್ದುವು." ಮಗೆಯನ್ನು ಕೆಳಗಿಟ್ಟು, ನನ್ನ ಮುಖ ನೋಡಿ, ಗಡ್ಡ ಕೆರೆದುಕೊಂಡರು. ಹೇಳಲೋ ಬೇಡವೋ ಎಂಬುದು ಅವರ ಜನ್ಮದಲ್ಲಿ ಮೊದಲ ಸಲ ಬಂದಿರಬೇಕು. "ಆದ್ರ ಮಕ್ಕಾ ಹಿಂದ ಐತೋ. ನಾವು ದಾಟಿ ಬಂದೇವಿ. ಇಲ್ಲಿಂದ ಅದು ಮೂಡಣಕ್ಕ. ನೀರ ಕೊಟ್ಟಾಂವನ್ನ ಕೇಳಿ ಬಂದೆ. ನೀ ಅದಕ್ಕ ಬೆನ್ನ ಹಾಕಿ ನಿಂತೀದಿ."

ತಿರುಗಿ ನೋಡಿದೆ. ಹಿಂದೆ ಬೆಟ್ಟಗಳ ಸಾಲು, ಅದರ ಮೇಲೆ ಆಗಲೇ ಕತ್ತಲೆ. ಪಕ್ಕದ ಮಾಳಿಗೆಯ ಹೆಂಗಸು ಇನ್ನೂ ಅಲ್ಲೇ ಇದ್ದಳು. ನಾನು ತಿರುಗಿದ್ದನ್ನು ಕಂಡು, ಬಟ್ಟೆಯ ಗಂಟು ಕಂಕುಳಲ್ಲಿಟ್ಟು, ಅದೇ ಬೆಟ್ಟದ ಕಡೆಗೆ ಕೈ ಚಾಚಿ ತೋರಿಸಿದಳು. ಅವಳು ಕೂಗಿದ್ದು ಅದನ್ನೇ.

ವಕೀಲರನ್ನು ಕೇಳಿದೆವು. ಅವರು ಒಳ್ಳೆಯವರು, ನಗಲಿಲ್ಲ. ಕಾಡಿನಲ್ಲಿ ದಾರಿ ತಪ್ಪಿದವನು ಊಹೆಯಿಂದ ನಿಂತರೆ ನಡೆದೀತು, ಊರಿನೊಳಗೆ ಕೇಳಲು ಜನವಿದ್ದೂ ಕೇಳದೆ ನಿಂತವನದು ನಡೆಯುವುದಿಲ್ಲ, ಇನ್ನೊಮ್ಮೆ ಮಾಡಬೇಕು ಎಂದರು. ಇನ್ನೊಮ್ಮೆ ಮಾಡಿದೆ, ಮೂಡಣಕ್ಕೆ ಮುಖ ಮಾಡಿ, ವಕೀಲರ ಕಸೂತಿಯ ಜಾನಿಮಾಜಿನ ಮೇಲೆ ನಿಂತು. ಅದರ ಕಸೂತಿಯಲ್ಲಿ ಮೂರು ಕಡೆ ಎಳೆ ತಪ್ಪಿದ್ದವು. ಎಲ್ಲಿ ಎಂದು ಈಗಲೂ ಹೇಳಬಲ್ಲೆ.

ಒಂಟೆಯ ದಾರಿ

ಒಂಟೆಯ ಎರಡು ಬದಿಗೆ ಎರಡು ತೊಟ್ಟಿಲು ಕಟ್ಟಿ ಒಂದರಲ್ಲಿ ಒಬ್ಬ, ಇನ್ನೊಂದರಲ್ಲಿ ಒಬ್ಬ ಕೂಡಬೇಕು. ತೂಕ ಸಮವಿರಬೇಕು. ಕಾಕಾ ಕೂತ ಕೂಡಲೆ ನಾನು ಮೇಲಕ್ಕೆ ಹೋದೆ. ಒಂಟೆಯವನು ನಮ್ಮಿಬ್ಬರನ್ನೂ ನೋಡಿ ನನ್ನ ತೊಟ್ಟಿಲಿಗೆ ಕಲ್ಲು ತುಂಬಿದ. ಮಕ್ಕಾ ಮುಟ್ಟುವವರೆಗೆ ನಾನು ಕಲ್ಲುಗಳ ಜೊತೆ ಕೂತು ಹೋದೆ.

ನಾನು ತುಂಬ ಕುಗ್ಗಿದ್ದೆ. ಸರಿಯಾದ ದಿಕ್ಕಿಗೆ ನಿಂತಾಗಲೆಲ್ಲ ಮನಸ್ಸು ಇರಲಿಲ್ಲ, ಮನಸ್ಸು ಇದ್ದ ಒಂದು ಸಲ ದಿಕ್ಕು ಇರಲಿಲ್ಲ. ಹುಸೇನಬಿಗೆ ಏನು ಹೇಳುವುದು? ಒಂಟೆಯ ಆ ಬದಿಯಿಂದ ಕಾಕಾ ಸಮಾಧಾನ ಹೇಳುತ್ತಿದ್ದರು. "ಇನ್ನೂ ಕಾಬಾ ಐತಲ್ಲೋ. ಅದರ ಮುಂದ ನಿಂತ್ರ ಎತ್ತಾಗ ಅಂತ ಕೇಳೂದ ಬ್ಯಾಡ." ಅದು ನಿಜವೆನ್ನಿಸಿತು. ಉಳಿದದ್ದು ಅದೊಂದೇ. ಅಲ್ಲಿ ಏನು ನೋಡಿದರೂ ನೋಡುವುದಿಲ್ಲ, ಕಾಬಾ ಒಂದನ್ನೇ ನೋಡುತ್ತೇನೆ ಎಂದು ಕಲ್ಲುಗಳ ನಡುವೆ ಕೂತು ಮತ್ತೆ ನಿರ್ಧಾರ ಮಾಡಿದೆ.

ಮಕ್ಕಾ

ಕಾಬಾದ ಮೇಲೆ ಬಟ್ಟೆ ಹೊದಿಸಿರುತ್ತಾರೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹೋಗಿ ಬಂದವರೆಲ್ಲ ಹೇಳಿದ್ದರು. ಆದರೆ ಕೇಳುವುದು ಬೇರೆ, ಒಬ್ಬ ನೇಕಾರ ಅದರ ಎದುರಿಗೆ ಹೋಗಿ ನಿಲ್ಲುವುದು ಬೇರೆ.

ಅಷ್ಟು ಜನ ಅಳುತ್ತಿದ್ದರು. ಕಾಕಾ ಎತ್ತಿದ ಕೈ ಇಳಿಸದೆ ಕೂಸಿನ ಹಾಗೆ ಬಿಕ್ಕುತ್ತಿದ್ದರು. ನಾನು ನೋಡಿದೆ, ಏಳೆಂಟಾಳು ಎತ್ತರದ ಕರಿ ರೇಷ್ಮೆ. ಮೊದಲು ಬಂದದ್ದು ಹೊಗಳಿಕೆಯಲ್ಲ, ಪ್ರಾರ್ಥನೆಯಲ್ಲ. ಇದರ ಮಗ್ಗ ಎಷ್ಟು ಅಗಲವಿದ್ದೀತು ಎಂದು ಬಂತು.

ನಮಾಜಿಗೆ ನಿಂತೆವು. ಬೆರಳು ಶುರುಮಾಡಿತು. ಕರಿಯ ಮೇಲೆ ಕರಿಯಲ್ಲೇ ಅಕ್ಷರ ನೇಯ್ದಿದ್ದರು, ಬಿಸಿಲು ಬಿದ್ದ ಕಡೆ ಮಾತ್ರ ಕಾಣುತ್ತಿತ್ತು. ಬಾಯಿ ದೇವರ ಹೆಸರು ಹೇಳುತ್ತಿತ್ತು, ಕಣ್ಣು ಜೋಡಣೆ ಹುಡುಕುತ್ತಿತ್ತು. ಹುಡುಕಬೇಡ ಎಂದೆ. ಸಿಕ್ಕೇಬಿಟ್ಟಿತು. ಒಂದು ಪಟ್ಟಿಗೂ ಇನ್ನೊಂದು ಪಟ್ಟಿಗೂ ನಡುವೆ, ಮೇಲಿನಿಂದ ಕೆಳಗಿನವರೆಗೆ, ಕೂಡಿಸಿದ್ದು ಕಾಣುತ್ತಿತ್ತು. ಅಯ್ಯೋ, ಹುಸೇನಬಿ ಕೂಡಿಸಿದ್ದರೆ ಕಾಣುತ್ತಿರಲಿಲ್ಲ, ಎಂದುಕೊಂಡೆ.

ಹಾಗೆ ಅವಳ ಹೆಸರು ಅಲ್ಲಿಗೆ ಬಂತು. ನಾನು ಹಿಡಿದು ತಂದದ್ದಲ್ಲ, ತಾನೇ ಬಂತು. ಬಂದ ಹಿಂದೆಯೇ ಮಗ್ಗದ ಪಕ್ಕದ ಹೊರಸು ಬಂತು, ಅದರ ಮೇಲಿನ ಮುದುಕಿ ಬಂದಳು, ಗಂಜಿಯ ಬಟ್ಟಲು ಬಂತು. ಅವಳಿಗೆ ಬೇಸರ ಬರದಿರಲಿ ಎಂದೆ. ಬೆರಳು ಕೊಂಡಿ ಹಾಕುತ್ತಲೇ ಇತ್ತು. ಈ ಸಲ ನಾನು ಅದನ್ನು ಹಿಡಿಯಲು ಹೋಗಲಿಲ್ಲ. ಏಕೋ ಆ ಹೊತ್ತಿಗೆ ಬಾದಾಮಿಯ ಕುರುಬನ ಮುಖ ಕಣ್ಣ ಮುಂದೆ ಬಂತು. ಅವನ ಮಜ್ಜಿಗೆ ಕುಡಿದು ಅವನನ್ನೇ ಪಾಪ ಎಂದಿದ್ದೆ.

ಹಜ್ಜಿನ ಉಳಿದ ವಿಧಿಗಳನ್ನು ಎಲ್ಲರಂತೆ ಮಾಡಿದೆ. ದಾರಿ ಗೊತ್ತಿಲ್ಲದ ಕಡೆಯೆಲ್ಲ ಕೇಳಿದೆ. ಕೇಳಿ ಕೇಳಿ ಕಾಕಾನಿಗೇ ಸಾಕಾಯಿತು.

ಮತ್ತೆ ಇಳಕಲ್ಲು

ನಾವು ಮರಳಿದಾಗ ಎಳ್ಳಮಾಸೆಯ ಚಳಿ. ಕಾಕಾ ಅಮೀನಗಡದಲ್ಲಿ ಇಳಿದರು. ನಾನು ಹುನಗುಂದದಲ್ಲಿ ಮಾಸ್ತರರನ್ನು ಕಂಡು ಒಂದು ದಿನ ನಿಂತೆ. ಅದು ತಪ್ಪಾಯಿತು. ಆ ಒಂದು ದಿನದಲ್ಲಿ ಕಾಕಾನ ಬಾಯಿಂದ ಹೊರಟ ಸುದ್ದಿ ದನದ ಸಂತೆಯನ್ನು ದಾಟಿ ನನಗಿಂತ ಮೊದಲು ಇಳಕಲ್ಲು ಮುಟ್ಟಿತ್ತು.

ಮನೆಯಲ್ಲಿ ಎಲ್ಲ ಇದ್ದಂತೆಯೇ ಇತ್ತು. ಹೊರಸು ಅದೇ ಜಾಗದಲ್ಲಿ, ಮುದುಕಿ ಅದೇ ಮಗ್ಗುಲಲ್ಲಿ. ಹುಸೇನಬಿ ಬಡವಾಗಿದ್ದಳು. ತಾಯಿಯ ಬಾಯಿಗೆ ಗಂಜಿ ಹಾಕುತ್ತ, ನನ್ನ ಕಡೆ ತಿರುಗದೆ, "ಮಕ್ಕಾಕ್ಕ ಬೆನ್ನ ಹಾಕಿ ನಿಂತಿದ್ರೆಂತ," ಅಂದಳು.

"ಹೌದು."

"ಬೆರಳ?"

"ಅಳ್ಳಾಡ್ಲಿಲ್ಲ. ಅದರಾಗ ನಿನ್ನ ಹೆಸರ ಹಿಡಿದೆ. ಆದ್ರ ಅದು ಲೆಕ್ಕಕ್ಕಿಲ್ಲ ಅಂದ್ರು. ತಿರುಗಿ ಮಾಡಿದ್ರಾಗ ಬರೇ ಎಳಿ." ಇನ್ನು ಮುಚ್ಚಿಟ್ಟು ಏನು ಮಾಡುವುದೆಂದು ಉಳಿದದ್ದನ್ನೂ ಹೇಳಿದೆ. "ಕಾಬಾದ ಮುಂದೂ ನಿನ್ನ ಹೆಸರ ಬಂತು. ಆದ್ರ ಅಲ್ಲಿ ಬೆರಳ ನಿಂದರಲಿಲ್ಲ. ಅದರ ಮ್ಯಾಲ ಬಟ್ಟಿ ಹೊಚ್ಯಾರ. ನಾ ಬಟ್ಟಿ ನೋಡಿದೆ."

ಚಮಚ ಗಂಜಿಯ ಬಟ್ಟಲಲ್ಲೇ ನಿಂತಿತು. ಬೈಗುಳಕ್ಕೆ ಸಿದ್ಧನಾಗಿ ಕೂತೆ.

"ಅಂಚ ಹೆಂಗಿತ್ತು?" ಅಂದಳು.

ಹೇಳಿದೆ. ಮೇಲ್ಗಡೆ ಬಂಗಾರದ ಜರಿಯ ಪಟ್ಟಿ, ಕರಿಯೊಳಗೆ ಕರಿ ಅಕ್ಷರ, ಬಿಸಿಲಿಗೆ ಮಾತ್ರ ಕಾಣುವುದು. ಅವಳು ಬಟ್ಟಲನ್ನು ಕೆಳಗಿಟ್ಟು ನನ್ನ ಕಡೆ ಪೂರ್ತಿ ತಿರುಗಿದಳು. ರೇಷ್ಮೆ ದಪ್ಪವೋ ತೆಳುವೋ ಕೇಳಿದಳು. ಜೋಡಿಸಿದ್ದು ಕಾಣುತ್ತಿತ್ತೇ ಎಂದು ಕೇಳಿದಳು.

"ಕಾಣತಿತ್ತು."

"ಹಂಗಾರ ಅವರು ಕೊಂಡಿ ಹಾಕಿಲ್ಲ. ಹೊಲಿದಾರ," ಅಂದಳು. ಮಡಿಲಲ್ಲಿ ಅವಳ ಬೆರಳು ಕೊಂಡಿ ಹಾಕಿ ತೋರಿಸುತ್ತಿದ್ದವು, ಅವಳಿಗೆ ಗೊತ್ತಿಲ್ಲದೆ. ಹೊರಸಿನ ಮೇಲಿನ ಮುದುಕಿ ಸೊಟ್ಟಬಾಯಿಂದ ಏನೋ ಅಂದಳು. ನನಗೆ ತಿಳಿಯಲಿಲ್ಲ. "ಬಣ್ಣ ಯಾವದು ಅಂತ ಕೇಳಾಕತ್ಯಾಳ," ಎಂದು ಮಗಳು ಹೇಳಿದಳು. ಕರಿ ಎಂದೆ. ಮುದುಕಿಗೆ ಅದು ಸರಿಬಂದಂತೆ ಕಾಣಲಿಲ್ಲ.

"ಬ್ಯಾಸರ ಬಂತೇನು ನಿನಗ?" ಎಂದು ಕೇಳಿದೆ. ಹಡಗಿನ ದಾರಿಯುದ್ದಕ್ಕೂ ಬಾಯಲ್ಲಿ ಇಟ್ಟುಕೊಂಡು ಬಂದ ಪ್ರಶ್ನೆ.

"ದಿನಾ ಬರತಿತ್ತು," ಅಂದಳು. "ಬ್ಯಾಸರ ಬಂದಾಗೆಲ್ಲಾ, ಈಗ ನಿಮ್ಮ ಬೆರಳ ಏನ್ ಮಾಡಾಕತ್ತಿರಬೇಕು ಅಂತ ನೆನಸ್ತಿದ್ದೆ. ನಗು ಬರತಿತ್ತು. ಮತ್ತ ಕೆಲಸಕ್ಕ ಹತ್ತತಿದ್ದೆ."

ಮಸೀದಿಯಿಂದ ಸಂಜೆಯ ಬಾಂಗು ಕೇಳಿತು. ದಣಿದಿದ್ದೆನಾದ್ದರಿಂದ ಮನೆಯಲ್ಲೇ ನಿಂತೆ, ಮಗ್ಗದ ಕೋಣೆಯಲ್ಲಿ, ಪಡುವಣಕ್ಕೆ ಮುಖ ಮಾಡಿ. ಮಗ್ಗದ ಮೇಲೆ ಅವಳು ಅರ್ಧ ಕೂಡಿಸಿದ ಸೆರಗಿತ್ತು. ಅವಳು ತಾಯಿಯ ಬಾಯಿ ಒರೆಸಿ ಬಂದು ನನ್ನ ಹಿಂದೆ ನಿಂತಳು. ಮುಗಿಸಿ, ಬಲಕ್ಕೆ ಎಡಕ್ಕೆ ಸಲಾಮು ಹೇಳಿ, ಅಂಜುತ್ತಲೇ ತಿರುಗಿದೆ.

"ಬೆರಳ ಆಡಿದುವೇನು?" ಎಂದೆ.

ಅವಳು ಇನ್ನೂ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು. ಎತ್ತಿದ ಕೈ ಮುಖಕ್ಕೆ ಸವರಿಕೊಂಡು ಕಣ್ಣು ಬಿಟ್ಟಳು.

"ನಾ ನೋಡಲಿಲ್ಲ," ಅಂದಳು.